ರೋಯಿಂಗ್ ಮತ್ತು ಉಸಿರಿನ ಸ್ನಾಯುಗಳು: ಜೊತೆಯಲ್ಲಿ ಓದುವವರಿಗೆ ಒಂದು ಟಿಪ್ಪಣಿ

ಉಸಿರಾಟಕ್ಕೆ ತರಬೇತಿ ಅಂದ ಕೂಡಲೇ ನಮ್ಮ ಮನಸ್ಸು ಶ್ವಾಸಕೋಶದ ಕಡೆ ಹೋಗುತ್ತದೆ. ಶ್ವಾಸಕೋಶ ದೊಡ್ಡದಾಗುತ್ತದೆ, ಗಾಳಿ ಜಾಸ್ತಿ ಹಿಡಿಯುತ್ತದೆ, ಅದರಿಂದ ಆಮ್ಲಜನಕ ಜಾಸ್ತಿ ಸಿಗುತ್ತದೆ ಎಂದುಕೊಳ್ಳುತ್ತೇವೆ. ಈ ವಿಷಯ ಓದುವಾಗ ಮೊದಲು ಆ ಯೋಚನೆಯನ್ನು ಬದಿಗಿಡಿ. ಶ್ವಾಸಕೋಶ ತನ್ನಷ್ಟಕ್ಕೆ ತಾನು ಹಿಗ್ಗುವುದಿಲ್ಲ. ಅದನ್ನು ಹಿಗ್ಗಿಸುವುದು ಎದೆಗೂಡಿನ ತಳದಲ್ಲಿರುವ ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ಉಸಿರೆಳೆಯಲು ಅಡ್ಡಿ ಒಡ್ಡುವ ಸಣ್ಣ ಸಾಧನವನ್ನು ಬಾಯಿಗಿಟ್ಟು ನಾವು ತರಬೇತಿ ಕೊಡುವುದು ಇವಕ್ಕೆ. ತೊಡೆಯ ಸ್ನಾಯು ಹೇಗೋ ಇವೂ ಹಾಗೆಯೇ. ದಣಿಯುತ್ತವೆ, ಭಾರ ಕೊಟ್ಟರೆ ಬಲವಾಗುತ್ತವೆ, ಬಿಟ್ಟರೆ ಸೊರಗುತ್ತವೆ.

ಮೈಸೂರಿನಲ್ಲಿ ದೈಹಿಕ ಶಿಕ್ಷಣ, ಫಿಸಿಯೋಥೆರಪಿ ಓದುತ್ತಿರುವ ಗೆಳೆಯ ಗೆಳತಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಜನ ರೋಯಿಂಗ್ ನೋಡಿರುವುದು ಜಿಮ್‌ನ ಮೆಷಿನ್ ಮೇಲೆ ಅಥವಾ ಟಿವಿಯಲ್ಲಿ. ಹಾಗಾಗಿ ಆಟದಿಂದಲೇ ಶುರು ಮಾಡೋಣ.

ಉಸಿರಿಗೆ ಇಷ್ಟು ಕಷ್ಟ ಕೊಡುವ ಆಟ

ರಂಗನತಿಟ್ಟಿನಲ್ಲಿ ದೋಣಿಯವರು ಹುಟ್ಟು ಹಾಕುವುದನ್ನು ನೋಡಿದ್ದೀರಲ್ವಾ? ಅವರು ಕೂತ ಹಲಗೆ ಅಲುಗಾಡುವುದಿಲ್ಲ. ಕೆಲಸವೆಲ್ಲ ತೋಳು, ಬೆನ್ನಿನದು. ಸ್ಪರ್ಧೆಯ ದೋಣಿಯಲ್ಲಿ ಸೀಟು ಹಳಿಯ ಮೇಲೆ ಜಾರುತ್ತದೆ, ಪಾದಗಳನ್ನು ಮುಂದೆ ಕಟ್ಟಿರುತ್ತಾರೆ. ಆಟಗಾರ ಮಂಡಿ ಮಡಚಿ ಮುಂದೆ ಬರುತ್ತಾನೆ, ಹುಟ್ಟನ್ನು ನೀರಿಗೆ ಹಾಕುತ್ತಾನೆ, ಕಾಲಿನಿಂದ ಒದ್ದು ಹಿಂದೆ ಹೋಗುತ್ತಾನೆ. ಮುಖ್ಯ ಬಲ ಕಾಲಿನದು. ಸೊಂಟ, ಬೆನ್ನು, ತೋಳು ಆಮೇಲೆ ಸೇರುತ್ತವೆ. ಇಡೀ ಮೈ ದುಡಿಯುವುದರಿಂದ ಆಮ್ಲಜನಕದ ಬೇಡಿಕೆ ಬಹಳ ಜಾಸ್ತಿ.

ಒಲಿಂಪಿಕ್ಸ್ ದೂರ 2000 ಮೀಟರ್. 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಮಾತ್ರ ಜಾಗದ ಮಿತಿಯಿಂದ 1500 ಮೀಟರ್ ಇಟ್ಟಿದ್ದಾರೆ. 2000 ಮೀಟರಿಗೆ ದೋಣಿಯ ಬಗೆ ನೋಡಿಕೊಂಡು ಸುಮಾರು ಐದೂವರೆಯಿಂದ ಎಂಟು ನಿಮಿಷ ಹಿಡಿಯುತ್ತದೆ. ಅಷ್ಟೂ ಹೊತ್ತು ಹೆಚ್ಚುಕಡಿಮೆ ಪೂರ್ತಿ ಬಲ ಹಾಕಿರಬೇಕು.

ಒಂದು ಲೆಕ್ಕ ಮಾಡಿ. ನಿಮಿಷಕ್ಕೆ 36 ಸಲ ಹುಟ್ಟು ಹಾಕುವ ಆಟಗಾರ ಪ್ರತಿ ಸಲಕ್ಕೆ ಎರಡು ಉಸಿರು ತೆಗೆದುಕೊಂಡರೆ ನಿಮಿಷಕ್ಕೆ 72 ಉಸಿರು. ಒಂದೊಂದು ಉಸಿರಿಗೆ 2.8 ಲೀಟರ್ ಅಂದರೂ ನಿಮಿಷಕ್ಕೆ 200 ಲೀಟರ್ ಗಾಳಿ ಒಳಗೆ ಹೋಗಿ ಹೊರಗೆ ಬರುತ್ತದೆ. ಎತ್ತರದ, ಭಾರಿ ಮೈಕಟ್ಟಿನ ಮೇಲ್ಮಟ್ಟದ ಆಟಗಾರರು ನಿಜವಾಗಿಯೂ ಈ ಮಟ್ಟ ಮುಟ್ಟುತ್ತಾರೆ, ದಾಟುವವರೂ ಇದ್ದಾರೆ. ಸುಮ್ನೆ ಕೂತಾಗ ನಮಗೆ ಆರೇಳು ಲೀಟರ್ ಸಾಕು.

ಇದರ ಜೊತೆಗೆ ಕೂರುವ ಭಂಗಿಯ ತೊಂದರೆ. ಓಟಗಾರ ತನಗೆ ಬೇಕಾದಾಗ ಉಸಿರೆಳೆಯಬಹುದು. ರೋಯಿಂಗ್‌ನಲ್ಲಿ ಹುಟ್ಟಿನ ಲಯಕ್ಕೆ ಉಸಿರು ಹೊಂದಿಕೊಳ್ಳಬೇಕು. ಮುಂದೆ ಬಾಗಿದಾಗ ತೊಡೆ ಹೊಟ್ಟೆಗೆ ಒತ್ತುತ್ತದೆ, ವಪೆ ಕೆಳಗಿಳಿಯಲು ಜಾಗ ಕಡಿಮೆ. ಒದೆಯುವ ಹೊತ್ತಿಗೆ ಕಾಲಿನ ಬಲ ತೋಳಿಗೆ ತಲುಪಬೇಕಾದರೆ ನಡುಭಾಗ ಗಟ್ಟಿಯಾಗಿರಬೇಕು. ಅದನ್ನು ಗಟ್ಟಿ ಹಿಡಿಯುವುದರಲ್ಲಿ ಇದೇ ವಪೆ, ಇದೇ ಪಕ್ಕೆಲುಬಿನ ಸ್ನಾಯುಗಳ ಪಾಲೂ ಇದೆ. ಒಂದೇ ಸ್ನಾಯುವಿಗೆ ಎರಡು ಕೆಲಸ. ರೋಯಿಂಗ್ ಆಟಗಾರರ ಮೇಲೆ ಈ ತರಬೇತಿಯ ಅಧ್ಯಯನ ಇಷ್ಟು ನಡೆದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ರಕ್ತ ಯಾರಿಗೆ ಹೋಗಬೇಕು?

ಇಡೀ ಪಾಠದ ಜೀವಾಳ ಇಲ್ಲಿದೆ. ಇದು ಗೊತ್ತಾದರೆ ಉಳಿದದ್ದು ಸುಲಭ.

ಹೃದಯ ನಿಮಿಷಕ್ಕೆ ಪಂಪ್ ಮಾಡುವ ರಕ್ತಕ್ಕೆ ಒಂದು ಮಿತಿ ಇದೆ. ಪೂರ್ತಿ ಬಲ ಹಾಕಿ ವ್ಯಾಯಾಮ ಮಾಡುವಾಗ ಅದರಲ್ಲಿ ದೊಡ್ಡ ಪಾಲು ಕಾಲಿಗೆ ಬೇಕು. ಆದರೆ ಉಸಿರಿನ ಸ್ನಾಯುಗಳೂ ಆಗ ಜೋರಾಗಿ ದುಡಿಯುತ್ತಿರುತ್ತವೆ, ಅವುಗಳಿಗೂ ರಕ್ತ ಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಸೈಕಲ್ ಆಟಗಾರರ ಮೇಲೆ ಇದನ್ನು ಅಳೆದರು. ಗರಿಷ್ಠ ಶ್ರಮದಲ್ಲಿ ಹೃದಯ ಹೊರಹಾಕುವ ರಕ್ತದ ಸುಮಾರು 14ರಿಂದ 16 ಶೇಕಡಾ ಉಸಿರಿನ ಸ್ನಾಯುಗಳಿಗೇ ಹೋಗುತ್ತದೆ ಎಂದು ಅಂದಾಜಿಸಿದರು.

ಅವರ ಪ್ರಯೋಗದ ರೀತಿ ನನಗೆ ತುಂಬ ಇಷ್ಟ. ಒಮ್ಮೆ ವೆಂಟಿಲೇಟರ್ ಸಹಾಯದಿಂದ ಆಟಗಾರರ ಉಸಿರಾಟದ ಕೆಲಸವನ್ನು ಹಗುರ ಮಾಡಿದರು. ಕಾಲಿಗೆ ಹೋಗುವ ರಕ್ತ ಹೆಚ್ಚಾಯಿತು. ಇನ್ನೊಮ್ಮೆ ಉಸಿರೆಳೆಯಲು ಅಡ್ಡಿ ಹಾಕಿ ಕೆಲಸ ಕಷ್ಟ ಮಾಡಿದರು. ಕಾಲಿನ ರಕ್ತ ಕಡಿಮೆಯಾಯಿತು. ಪೆಡಲ್ ತುಳಿಯುವ ಕೆಲಸ ಎರಡೂ ಸಲ ಅಷ್ಟೇ ಇತ್ತು, ಬದಲಾದದ್ದು ಉಸಿರಿನ ಹೊರೆ ಮಾತ್ರ.

ಇದು ಆಗುವುದು ಹೀಗೆ. ಉಸಿರಿನ ಸ್ನಾಯು ದಣಿಯತೊಡಗಿದಾಗ ಅದರಲ್ಲಿ ಕೆಲವು ರಾಸಾಯನಿಕಗಳು ಸೇರಿಕೊಳ್ಳುತ್ತವೆ. ನರಗಳು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಮಿದುಳು ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಪುಸ್ತಕಗಳಲ್ಲಿ ಇದನ್ನು ಮೆಟಬೊರಿಫ್ಲೆಕ್ಸ್ ಎನ್ನುತ್ತಾರೆ. ಉಸಿರು ನಿಂತರೆ ಜೀವವೇ ಹೋಗುತ್ತದೆ, ಕಾಲು ನಿಧಾನವಾದರೆ ಸ್ಪರ್ಧೆ ಮಾತ್ರ ಹೋಗುತ್ತದೆ. ದೇಹ ಯಾವುದನ್ನು ಮೊದಲು ಉಳಿಸಿಕೊಳ್ಳುತ್ತದೆ ಎಂಬುದು ಸ್ಪಷ್ಟ.

ಉಸಿರಿನ ಸ್ನಾಯು ಬಲವಾಗಿದ್ದರೆ ಅದೇ ಕೆಲಸ ಅದರ ಶಕ್ತಿಯ ಸಣ್ಣ ಪಾಲಾಗುತ್ತದೆ, ದಣಿವು ತಡವಾಗಿ ಬರುತ್ತದೆ, ಈ ಬಿಗಿತವೂ ತಡವಾಗಿ ಶುರುವಾಗುತ್ತದೆ. ಏದುಸಿರು ಬಂದಂತೆ ಅನಿಸುವುದೂ ಕಡಿಮೆಯಾಗುತ್ತದೆ. ಗಮನಿಸಿ, ಇದರಲ್ಲಿ ಎಲ್ಲೂ ಶ್ವಾಸಕೋಶ ದೊಡ್ಡದಾಗುವ ಮಾತಿಲ್ಲ. ಗರಿಷ್ಠ ಆಮ್ಲಜನಕ ಬಳಕೆ ಕೂಡ ಈ ತರಬೇತಿಯಿಂದ ಸಾಮಾನ್ಯವಾಗಿ ಏರುವುದಿಲ್ಲ. ಪರೀಕ್ಷೆಯಲ್ಲಿ ಬಹಳ ಜನ ಅಂಕ ಕಳೆದುಕೊಳ್ಳುವ ಜಾಗ ಇದು.

2001ರ ಅಧ್ಯಯನವನ್ನು ಹೇಗೆ ಓದಬೇಕು

ಇಂಗ್ಲೆಂಡಿನಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಈ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ಸ್ಪರ್ಧೆಗಳಲ್ಲಿ ಭಾಗವಹಿಸುವ 14 ಮಹಿಳಾ ರೋಯರ್‌ಗಳು, 11 ವಾರ. ಏಳು ಜನ ದಿನಕ್ಕೆ ಎರಡು ಸಲ, ಸಲಕ್ಕೆ 30 ಉಸಿರು, ತಾವು ಉಸಿರೆಳೆಯಬಲ್ಲ ಗರಿಷ್ಠ ಬಲದ 50 ಶೇಕಡಾ ಭಾರದಲ್ಲಿ ಅಭ್ಯಾಸ ಮಾಡಿದರು. ಉಳಿದ ಏಳು ಜನ ಅದೇ ಸಾಧನದಲ್ಲಿ ದಿನಕ್ಕೆ ಒಮ್ಮೆ 60 ಉಸಿರು, ಆದರೆ ಬರೀ 15 ಶೇಕಡಾ ಭಾರದಲ್ಲಿ. ಈ ಎರಡನೇ ಗುಂಪಿನದು ಪ್ಲಸೀಬೊ. ಅಷ್ಟು ಕಡಿಮೆ ಭಾರದಿಂದ ಸ್ನಾಯು ಬೆಳೆಯುವುದಿಲ್ಲ, ಆದರೂ ಏನೋ ಮಾಡುತ್ತಿದ್ದೇವೆ ಎಂಬ ನಂಬಿಕೆ ಇರುತ್ತದೆ.

ಉಸಿರು ಎಳೆಯುವ ಬಲ ಮೊದಲ ಗುಂಪಿನಲ್ಲಿ ಸುಮಾರು 45 ಶೇಕಡಾ ಹೆಚ್ಚಿತು, ಎರಡನೆಯದರಲ್ಲಿ ಸುಮಾರು 5. ಆರು ನಿಮಿಷ ಪೂರ್ತಿ ಬಲದ ಪರೀಕ್ಷೆಯಲ್ಲಿ ಕ್ರಮಿಸಿದ ದೂರ ಮೊದಲ ಗುಂಪಿಗೆ 3.5 ಶೇಕಡಾ, ಪ್ಲಸೀಬೊ ಗುಂಪಿಗೆ 1.6 ಶೇಕಡಾ ಹೆಚ್ಚಾಯಿತು. 5000 ಮೀಟರಿನ ಸಮಯ ಮೊದಲ ಗುಂಪಿಗೆ 36 ಸೆಕೆಂಡು, ಎರಡನೆಯದಕ್ಕೆ 11 ಸೆಕೆಂಡು ಇಳಿಯಿತು.

ಇಲ್ಲಿ ನಿಲ್ಲಿ. ಸಾಧನ ಮಾರುವವರು 36 ಸೆಕೆಂಡು ಎಂದು ದೊಡ್ಡಕ್ಷರದಲ್ಲಿ ಹಾಕುತ್ತಾರೆ. ನಾವು ಹಾಗೆ ಓದಬಾರದು. ಆ 11 ವಾರ ಇಬ್ಬರೂ ತಮ್ಮ ಮಾಮೂಲಿ ರೋಯಿಂಗ್ ಅಭ್ಯಾಸ ಬಿಟ್ಟಿರಲಿಲ್ಲ, ಇಬ್ಬರಿಗೂ ನಂಬಿಕೆ ಇತ್ತು. ಉಸಿರಿನ ಸ್ನಾಯುವಿನ ತರಬೇತಿಗೆ ಸಲ್ಲಬೇಕಾದದ್ದು ಆ ಎರಡರ ವ್ಯತ್ಯಾಸ ಮಾತ್ರ. ಅಂದರೆ 25 ಸೆಕೆಂಡು, ದೂರದಲ್ಲಿ ಸುಮಾರು 1.9 ಶೇಕಡಾ. ಕಡಿಮೆಯೇನಲ್ಲ. 2000 ಮೀಟರಿನ ಸ್ಪರ್ಧೆಯಲ್ಲಿ ಪದಕ ಬರುವುದೂ ತಪ್ಪುವುದೂ ಇದಕ್ಕಿಂತ ಸಣ್ಣ ಅಂತರದಲ್ಲಿ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವ ಅಂಕಿ ಬೇರೆ. ಆರು ನಿಮಿಷದ ಪರೀಕ್ಷೆ ಮುಗಿದ ಕೂಡಲೇ ಎಳೆಯುವ ಬಲ ಎಷ್ಟು ಕುಸಿಯುತ್ತದೆ ಎಂದೂ ಅವರು ನೋಡಿದ್ದರು. ತರಬೇತಿಗೆ ಮುಂಚೆ ಸುಮಾರು 11 ಶೇಕಡಾ ಕುಸಿಯುತ್ತಿತ್ತು, ಆಮೇಲೆ 3 ಶೇಕಡಾ. ಹಿಂದೆ ಹೇಳಿದ ರಕ್ತದ ಕಥೆಗೆ ಇದು ನೇರವಾಗಿ ಹೊಂದುತ್ತದೆ.

ಎಲ್ಲ ಅಧ್ಯಯನಗಳೂ ಹೀಗೇ ಹೇಳುವುದಿಲ್ಲ. 2008ರಲ್ಲಿ ಚೆನ್ನಾಗಿ ಪಳಗಿದ ರೋಯರ್‌ಗಳ ಮೇಲೆ ಆರು ವಾರ ನಡೆಸಿದ ಅಧ್ಯಯನದಲ್ಲಿ ಸ್ನಾಯುವಿನ ಬಲ ಹೆಚ್ಚಿತು, 2000 ಮೀಟರಿನ ಸಮಯ ಇಳಿಯಲಿಲ್ಲ. 2007ರ ಇನ್ನೊಂದರಲ್ಲಿ ನಾಲ್ಕು ವಾರ ಉಸಿರು ಎಳೆಯುವ ತರಬೇತಿಯಿಂದ ಆರು ನಿಮಿಷದ ಸರಾಸರಿ ಬಲ 2.7 ಶೇಕಡಾ ಏರಿತು, ಆದರೆ ಉಸಿರು ಬಿಡುವ ತರಬೇತಿಯಿಂದ ಲಾಭ ಕಾಣಲಿಲ್ಲ. 2012ರಲ್ಲಿ ಹಲವು ಆಟಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಈಗಾಗಲೇ ತುಂಬ ಪಳಗಿದವರಿಗಿಂತ ಕಡಿಮೆ ಪಳಗಿದವರಿಗೆ ಹೆಚ್ಚು ಲಾಭ ಎಂದು ಕಂಡಿತು. ಇವನ್ನೆಲ್ಲ ಓದಿ ನನಗೆ ಬಂದ ಅಭಿಪ್ರಾಯ: ಇದು ಕೆಲಸ ಮಾಡುತ್ತದೆ, ಆದರೆ ಲಾಭ ಸಣ್ಣದು. ನೀರಿನ ಮೇಲಿನ ಅಭ್ಯಾಸದ ಜೊತೆಗೆ ಮಾಡಬೇಕಾದದ್ದು, ಅದರ ಬದಲಿಗೆ ಅಲ್ಲ.

ಮೂರು ಚೆಂಡಿನ ಡಬ್ಬಿ, ಬಲೂನು, ಪ್ರಾಣಾಯಾಮ

ಕೋವಿಡ್ ಆದಮೇಲೆ ನಮ್ಮ ಬಹಳ ಮನೆಗಳಲ್ಲಿ ಮೂರು ಚೆಂಡಿನ ಸ್ಪೈರೋಮೀಟರ್ ಇದೆ. ಅದರಲ್ಲೇ ಅಭ್ಯಾಸ ಮಾಡಬಹುದಾ ಎಂದು ಕೇಳುತ್ತಾರೆ. ಅದು ಆಪರೇಷನ್ ಆದವರು, ಕಾಯಿಲೆಯಿಂದ ಏಳುತ್ತಿರುವವರು ಆಳವಾಗಿ ಉಸಿರೆಳೆಯಲಿ ಎಂದು ಮಾಡಿದ್ದು. ಗಾಳಿ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಚೆಂಡು ತೋರಿಸುತ್ತದೆ. ಆಟಗಾರನ ಸ್ನಾಯುವಿಗೆ ಅದರಲ್ಲಿ ಭಾರವೇ ಇಲ್ಲ.

ಸಣ್ಣ ಕೊಳವೆಯಲ್ಲಿ ಉಸಿರೆಳೆದರೆ ಹೇಗೆ ಅಂದರೆ, ಅದು ಎಳನೀರಿನ ಸ್ಟ್ರಾ ಇದ್ದ ಹಾಗೆ. ನಿಧಾನವಾಗಿ ಎಳೆದರೆ ಭಾರವೇ ಅನಿಸುವುದಿಲ್ಲ. ದಣಿದವನು ಗೊತ್ತಿಲ್ಲದೆಯೇ ನಿಧಾನ ಮಾಡಿಬಿಡುತ್ತಾನೆ, ಭಾರ ಇಳಿದುಹೋಗುತ್ತದೆ. ಅದಕ್ಕೇ ಅಧ್ಯಯನಗಳಲ್ಲಿ ಸ್ಪ್ರಿಂಗ್ ಇರುವ ಸಾಧನ ಬಳಸುತ್ತಾರೆ. ಗೊತ್ತುಮಾಡಿದಷ್ಟು ಬಲದಿಂದ ಎಳೆಯುವ ತನಕ ಅದರ ಕವಾಟ ತೆರೆಯುವುದೇ ಇಲ್ಲ. ನಿಧಾನವಾಗಿ ಎಳೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಈ ಬಲವನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಹೇಳುತ್ತಾರೆ. 100 ಸೆಂ.ಮೀ. ಅಂದರೆ ನೀರನ್ನು ಕೊಳವೆಯಲ್ಲಿ ಒಂದು ಮೀಟರ್ ಎತ್ತರಕ್ಕೆ ಎಳೆದು ಹಿಡಿಯುವಷ್ಟು ಬಲ. ಅಷ್ಟು ಬಲ ಇರುವವಳು ಶುರು ಮಾಡಬೇಕಾದದ್ದು 50ರಲ್ಲಿ. ಬಲ 140 ಆದಾಗ ಭಾರ 70 ಆಗಬೇಕು. ಹಳೆಯ 50ರಲ್ಲೇ ಉಳಿದರೆ ಅಭ್ಯಾಸ ನಡೆಯುತ್ತದೆ, ಬಲ ಬೆಳೆಯುವುದಿಲ್ಲ.

ಬಲೂನು ಊದುವುದು ಉಸಿರು ಬಿಡುವ ಕೆಲಸ. ನಮಗೆ ಬೇಕಾದ್ದು ಎಳೆಯುವ ಸ್ನಾಯು.

ಇನ್ನು ಪ್ರಾಣಾಯಾಮ. ಯೋಗದ ಊರಿನವರಾದ ನಮಗೆ ಈ ಪ್ರಶ್ನೆ ಬರದೇ ಇರುವುದಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗ ಜೂನಿಯರ್ ಒಬ್ಬಳು ಕೇಳಿದಳು: "ಅಕ್ಕಾ, ನಾನು ಚಿಕ್ಕಂದಿನಿಂದ ಭಸ್ತ್ರಿಕಾ, ಕಪಾಲಭಾತಿ ಮಾಡ್ತೀನಿ. ನನಗೆ ಈ ಸಾಧನ ಬೇಕಾ?" ನಾನು ಹೇಳಿದ್ದು ಇಷ್ಟು. ಉಸಿರಿನ ಮೇಲೆ ಹಿಡಿತ, ವಪೆಯನ್ನು ಬಳಸುವ ಅಭ್ಯಾಸ, ಸ್ಪರ್ಧೆಗೆ ಮುಂಚಿನ ಸಮಾಧಾನ, ಇವೆಲ್ಲ ಅದರಿಂದ ಬರುತ್ತವೆ. ಅದನ್ನು ಬಿಡಬೇಡ. ಆದರೆ ಅಲ್ಲಿ ಗಾಳಿಗೆ ಅಳೆದು ಕೊಡುವ ಅಡ್ಡಿ ಇಲ್ಲ. ವಾರದಿಂದ ವಾರಕ್ಕೆ ಭಾರ ಏರಿಸುವ ದಾರಿ ಇಲ್ಲ. ಬಲ ಬೇಕಾದರೆ ಭಾರ ಬೇಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದಕ್ಕೂ ಇದೇ ಮಾತು. ಏದುಸಿರು ಬರುತ್ತದೆ, ಹೃದಯಕ್ಕೆ, ಕಾಲಿಗೆ ಒಳ್ಳೆಯದು. ಉಸಿರಿನ ಸ್ನಾಯು ಅಲ್ಲಿ ಬಹಳ ಸಲ ದುಡಿಯುತ್ತದೆ, ಆದರೆ ಪ್ರತಿ ಸಲವೂ ಹಗುರವಾಗಿ.

ಮಾಡುವ ಕ್ರಮ

ನೆಟ್ಟಗೆ ಕೂತು ಮೂಗಿಗೆ ಕ್ಲಿಪ್ ಹಾಕಿ. ಮೊದಲು ಒಳಗಿನ ಗಾಳಿಯನ್ನು ಆದಷ್ಟು ಪೂರ್ತಿ ಬಿಡಿ. ಆಮೇಲೆ ಒಂದೇ ಸಲ ಜೋರಾಗಿ, ಎದೆ ತುಂಬುವ ತನಕ ಎಳೆಯಿರಿ. ಭುಜ ಎತ್ತಬೇಡಿ, ಕೆಳಗಿನ ಪಕ್ಕೆಲುಬು ಅಗಲವಾಗಲಿ. ಬಿಡುವಾಗ ಆತುರ ಬೇಡ. ಇಂಥ 30 ಉಸಿರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೊನೆಯ ನಾಲ್ಕೈದು ಉಸಿರು ನಿಜವಾಗಿಯೂ ಕಷ್ಟ ಆಗಬೇಕು. ಸಲೀಸಾಗಿ ಮುಗಿದರೆ ಸ್ಪ್ರಿಂಗ್ ಬಿಗಿ ಮಾಡಿ. ತಲೆ ಸುತ್ತಿದರೆ, ತುಟಿ ಜುಮ್ಮೆಂದರೆ ನೀವು ಬೇಗ ಬೇಗ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಜಾಸ್ತಿ ಹೊರಹಾಕಿದ್ದೀರಿ ಎಂದರ್ಥ. ನಿಲ್ಲಿಸಿ, ಸುಧಾರಿಸಿಕೊಂಡು ನಿಧಾನವಾಗಿ ಮುಂದುವರಿಸಿ.

ಲಾಭದ ದೊಡ್ಡ ಪಾಲು ಮೊದಲ ನಾಲ್ಕಾರು ವಾರಗಳಲ್ಲೇ ಬರುತ್ತದೆ. ಆಮೇಲೆ ವಾರಕ್ಕೆ ಎರಡು ಮೂರು ದಿನ ಮಾಡಿದರೂ ಬಲ ಉಳಿಯುತ್ತದೆ. ಪೂರ್ತಿ ಬಿಟ್ಟರೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ.

ಸ್ಪರ್ಧೆಯ ದಿನ ಇದನ್ನೇ ವಾರ್ಮ್‌ಅಪ್ ಆಗಿ ಬಳಸಬಹುದು. 40 ಶೇಕಡಾ ಭಾರದಲ್ಲಿ 30 ಉಸಿರಿನ ಎರಡು ಸುತ್ತು. ಅದಕ್ಕಿಂತ ಭಾರ ಹಾಕಿದರೆ ದೋಣಿ ಹತ್ತುವ ಮುಂಚೆಯೇ ಸ್ನಾಯು ದಣಿಯುವ ಅಪಾಯ ಇದೆ.

ಹಿಂದೆ ಶ್ವಾಸಕೋಶ ಕುಸಿದವರು, ಕಿವಿತಮಟೆ ಹರಿದವರು, ಇತ್ತೀಚೆಗೆ ಆಪರೇಷನ್ ಆದವರು ಇದನ್ನು ಮಾಡಬಾರದು. ಅಸ್ತಮಾ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ರೋಯರ್‌ಗಳಿಗೆ ಪಕ್ಕೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬರುವುದುಂಟು. ಎದೆಯ ಪಕ್ಕದಲ್ಲಿ ಒಂದೇ ಜಾಗದಲ್ಲಿ ಚುಚ್ಚುವ ನೋವಿದ್ದರೆ ಮೊದಲು ತೋರಿಸಿಕೊಳ್ಳಿ. ಹಾಸ್ಟೆಲ್‌ನಲ್ಲಿ ಒಂದೇ ಸಾಧನವನ್ನು ಕೈಯಿಂದ ಕೈಗೆ ದಾಟಿಸುವುದು ಬೇಡ. ಬಾಯಿಗಿಡುವ ತುದಿ ಒಬ್ಬರಿಗೆ ಒಂದು ಇರಲಿ, ದಿನವೂ ತೊಳೆಯಿರಿ.

ಪ್ರಾಜೆಕ್ಟ್‌ಗೆ ಈ ವಿಷಯ ಎತ್ತಿಕೊಳ್ಳುವವರಿಗೆ ಒಂದು ಮಾತು. ರೋಯಿಂಗ್ ಮೆಷಿನ್ ಮೇಲೆ ಹೊಸಬರ ಸಮಯ ಅಭ್ಯಾಸವಾದಂತೆ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಮೊದಲ ಅಳತೆಗೆ ಮುಂಚೆ ಎಲ್ಲರಿಂದ ಎರಡು ಮೂರು ಪೂರ್ತಿ ಪರೀಕ್ಷೆ ಮಾಡಿಸಿ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೋಲಿಕೆಯ ಗುಂಪನ್ನು ಸುಮ್ಮನೆ ಕೂರಿಸಬೇಡಿ, ಅವರಿಗೂ ಸಾಧನ ಕೊಟ್ಟು 15 ಶೇಕಡಾ ಭಾರ ಇಡಿ. ಸ್ಟಾಪ್‌ವಾಚ್ ಹಿಡಿಯುವವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಬಾರದು. ಪರೀಕ್ಷೆ ಮುಗಿದ ತಕ್ಷಣ ಎಳೆಯುವ ಬಲವನ್ನೂ ಅಳೆಯಿರಿ. ಸಮಯ ಇಳಿದು ದಣಿವು ಮಾತ್ರ ಅಷ್ಟೇ ಇದ್ದರೆ, ಆ ಲಾಭಕ್ಕೆ ಕಾರಣ ಬೇರೆಲ್ಲೋ ಇದೆ ಎಂದು ವರದಿಯಲ್ಲಿ ಬರೆಯಬೇಕಾಗುತ್ತದೆ.