ಆರು ತಿಂಗಳು ಕೊಟ್ಟಿದ್ದರಲ್ಲ, ಅರ್ಜಿ ಯಾಕೆ ಹಾಕಲಿಲ್ಲ?

ಪ್ರಶ್ನೆ: ಸ್ಲೊವೇನಿಯಾ ಸಾವಿರಾರು ಜನರ ಹೆಸರನ್ನು ದಾಖಲೆಯಿಂದಲೇ ಅಳಿಸಿಹಾಕಿತು ಅಂತ ಓದಿದೆ. ಆದರೆ ಪೌರತ್ವಕ್ಕೆ ಅರ್ಜಿ ಹಾಕಲು ಅವರಿಗೆ ಆರು ತಿಂಗಳು ಸಮಯ ಇತ್ತಂತೆ. ಹಾಕದೆ ಸುಮ್ನೆ ಕೂತಿದ್ದು ಅವರದೇ ತಪ್ಪಲ್ವಾ?

ಉತ್ತರ: ಈ ಮಾತನ್ನು ಸ್ಲೊವೇನಿಯಾದಲ್ಲೇ ಎಷ್ಟೋ ಜನ ಹೇಳುತ್ತಾ ಬಂದಿದ್ದಾರೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಪೌರತ್ವ ಬೇರೆ, ಅಲ್ಲಿ ವಾಸ ಮಾಡುವ ಹಕ್ಕು ಬೇರೆ.

1991ರ ಜೂನ್‌ನಲ್ಲಿ ಸ್ಲೊವೇನಿಯಾ ಯುಗೊಸ್ಲಾವಿಯಾದಿಂದ ಹೊರಬಂತು. ಅದಕ್ಕೂ ಮುಂಚೆ ಬೋಸ್ನಿಯಾ, ಸರ್ಬಿಯಾ, ಕ್ರೊಯೇಷಿಯಾ ಕಡೆಯಿಂದ ಕೆಲಸಕ್ಕೆ ಬಂದು ನೆಲೆಸಿದವರು ತುಂಬಾ ಜನ. ಆಗ ಎಲ್ಲವೂ ಒಂದೇ ದೇಶ ತಾನೇ. ಅವರಲ್ಲಿ ಸುಮಾರು 1,70,000 ಮಂದಿ ಅರ್ಜಿ ಹಾಕಿ ಪೌರತ್ವ ಪಡೆದರು. ಉಳಿದವರಲ್ಲಿ ಸ್ಲೊವೇನಿಯಾದಲ್ಲೇ ಹುಟ್ಟಿದವರಿದ್ದರು, ಅರ್ಜಿ ತಮಗೂ ಬೇಕು ಅಂತ ಅವರಿಗೆ ಹೊಳೆದಿರಲಿಲ್ಲ. ಕೆಲವರಿಗೆ ಊರಿಂದ ಕಾಗದಪತ್ರ ತರಿಸೋಣ ಅಂದರೆ ಅಲ್ಲಿ ಯುದ್ಧ. ಕೆಲವರ ಅರ್ಜಿ ತಿರಸ್ಕಾರವಾಯಿತು. ಪೌರತ್ವ ಬೇಡ, ಹೀಗೇ ಇರುತ್ತೇನೆ ಅಂದವರೂ ಇದ್ದರು. ಅದೇನು ಅಪರಾಧವಲ್ಲ.

1992ರ ಫೆಬ್ರವರಿ 26ರಂದು ಕಾಯಂ ನಿವಾಸಿಗಳ ಪಟ್ಟಿಯಿಂದ 25,671 ಜನರ ಹೆಸರು ತೆಗೆದರು. ಒಂದು ನೋಟಿಸೂ ಇಲ್ಲ. ಪಾಸ್‌ಪೋರ್ಟೋ ಲೈಸೆನ್ಸೋ ಹೊಸದು ಮಾಡಿಸಲು ಕಚೇರಿಗೆ ಹೋದಾಗಲೇ ಎಷ್ಟೋ ಜನರಿಗೆ ವಿಷಯ ಗೊತ್ತಾಗಿದ್ದು. ಕೌಂಟರಿನಲ್ಲಿದ್ದವರು ಗುರುತಿನ ಚೀಟಿ ಇಸಕೊಂಡು, ಪಂಚಿಂಗ್ ಮಷೀನಿನಲ್ಲಿ ತೂತು ಹೊಡೆದು ವಾಪಸ್ ಕೊಟ್ಟರು. ಅಲ್ಲಿಗೆ ಕೆಲಸ ಹೋಯಿತು, ಆರೋಗ್ಯ ವಿಮೆ ಹೋಯಿತು, ಪಿಂಚಣಿಗೂ ಕಲ್ಲು ಬಿತ್ತು. ಕೆಲವರನ್ನು ಪೊಲೀಸರು ಗಡಿಯಾಚೆಗೆ ಕಳಿಸಿದರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಅದೇ ಹೊತ್ತಿನಲ್ಲಿ ಯುಗೊಸ್ಲಾವಿಯಾದ ಹೊರಗಿಂದ ಬಂದ ವಿದೇಶಿಯರೂ ಸ್ಲೊವೇನಿಯಾದಲ್ಲಿದ್ದರು. ಅವರೂ ಪೌರತ್ವ ಕೇಳಿರಲಿಲ್ಲ. ಆದರೆ ಅವರ ವಾಸದ ಪರವಾನಗಿ ಹಾಗೇ ಉಳಿಯಿತು. ಹೋಗಿದ್ದು ನಿನ್ನೆಯವರೆಗೆ ಒಂದೇ ದೇಶದವರಾಗಿದ್ದ ಅಕ್ಕಪಕ್ಕದವರದ್ದು ಮಾತ್ರ. ಅರ್ಜಿ ಹಾಕದಿದ್ದದ್ದೇ ಕಾರಣವಾಗಿದ್ದರೆ ಎಲ್ಲರಿಗೂ ಒಂದೇ ನಿಯಮ ಇರಬೇಕಿತ್ತಲ್ಲ?

ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1999ರಲ್ಲೇ ಇದು ತಪ್ಪು ಅಂದಿತು, 2003ರಲ್ಲಿ ಮತ್ತೆ ಹೇಳಿತು. 2004ರಲ್ಲಿ ಇದನ್ನು ಸರಿಪಡಿಸುವ ಕಾನೂನೊಂದು ಜನಮತಕ್ಕೆ ಹೋಯಿತು. ಮತ ಹಾಕಿದವರಲ್ಲಿ ಶೇ. 90ಕ್ಕೂ ಜಾಸ್ತಿ ಜನ ಬೇಡ ಅಂದರು. ಕೋರ್ಟು ಗುರುತಿಸಿದ ಹಕ್ಕನ್ನು ಬಹುಮತದ ಮುಂದೆ ಇಟ್ಟಿದ್ದೇ ನನಗೆ ಅತಿ ಅನ್ನಿಸುತ್ತದೆ. 2012ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ದೂರುದಾರರ ಪರ ತೀರ್ಪು ಕೊಟ್ಟಿತು. ಹೊರಗಿನ ವಿದೇಶಿಯರಿಗೊಂದು, ಇವರಿಗೊಂದು ಮಾಡಿದ್ದು ತಾರತಮ್ಯ ಅಂತಲೂ ಹೇಳಿತು.

ಇನ್ನೊಂದು ಮಾತು. ಸ್ಲೊವೇನಿಯಾ ಅಲ್ಪಸಂಖ್ಯಾತರ ಹಕ್ಕು ಗೊತ್ತಿಲ್ಲದ ದೇಶವೇನಲ್ಲ. ಸಂಸತ್ತಿನ 90 ಸ್ಥಾನಗಳಲ್ಲಿ ಇಟಾಲಿಯನ್ನರಿಗೆ ಒಂದು, ಹಂಗೇರಿಯನ್ನರಿಗೆ ಒಂದು ಮೀಸಲು. 2002ರ ಜನಗಣತಿಯಲ್ಲಿ ಇಟಾಲಿಯನ್ನರು 2,258 ಮಂದಿ, ಸರ್ಬರು 38,964. ಸರ್ಬರಿಗೆ ಅಂಥ ಸ್ಥಾನ ಇಲ್ಲ. ತಲೆತಲಾಂತರದಿಂದ ಆ ನೆಲದಲ್ಲಿರುವವರು ಒಂದು ಲೆಕ್ಕ, ಆಮೇಲೆ ಬಂದವರು ಇನ್ನೊಂದು ಲೆಕ್ಕ.

2013ರ ಕಾನೂನಿನ ಪ್ರಕಾರ ಅಳಿಸಿಹೋಗಿದ್ದ ಪ್ರತಿ ತಿಂಗಳಿಗೆ 50 ಯೂರೊ ಪರಿಹಾರ. 2022ರಲ್ಲಿ ಆಗಿನ ಅಧ್ಯಕ್ಷ ಬೊರುಟ್ ಪಹೋರ್ ದೇಶದ ಪರವಾಗಿ ಕ್ಷಮೆ ಕೇಳಿದರು. ಆದರೆ ಹಣ ಸಿಗುವುದು ಆಮೇಲೆ ವಾಸದ ಹಕ್ಕನ್ನೋ ಪೌರತ್ವವನ್ನೋ ಪಡೆದವರಿಗೆ, ಇಲ್ಲವೇ ಹಿಂದೆ ಅರ್ಜಿ ಹಾಕಿ ಸೋತವರಿಗೆ. ಬೇಸತ್ತು ದೇಶ ಬಿಟ್ಟವರು, ಮತ್ತೆ ಅರ್ಜಿಯನ್ನೇ ಹಾಕದವರು ಈ ಲೆಕ್ಕದಲ್ಲಿಲ್ಲ.