ಬದುಕಿದ್ದವರಿಗಾಗಿ ಕಟ್ಟಿದ ಗೋರಿ

ವಾಷಿಂಗ್ಟನ್‌ನ ಶ್ವೇತಭವನದಿಂದ 16ನೇ ಬೀದಿ ಹಿಡಿದು ಉತ್ತರಕ್ಕೆ ಮೈಲಿಯಷ್ಟು ನಡೆದರೆ ಎರಡು ದೊಡ್ಡ ಸ್ಫಿಂಕ್ಸ್‌ಗಳು ಕಾಣಿಸುತ್ತವೆ. ಸಿಂಹದ ಮೈ, ಮನುಷ್ಯರ ಮುಖ. ಹತ್ತಿರ ಹೋಗಿ ನೋಡಿ: ಒಂದರ ಕಣ್ಣು ಅರ್ಧ ಮುಚ್ಚಿದೆ, ಅದು ಜ್ಞಾನ. ಇನ್ನೊಂದು ಕಣ್ಣರಳಿಸಿ ಕೂತಿದೆ, ಅದು ಶಕ್ತಿ. ಕೆತ್ತನೆ ಅಡಾಲ್ಫ್ ವೈನ್‌ಮನ್ ಅವರದು. ಇವು ಕಾಯುತ್ತಿರುವುದು ಫ್ರೀಮೇಸನ್ನರು ಎಂಬ ಹಳೆಯ ಸೋದರ ಸಂಘದವರ ‘ಹೌಸ್ ಆಫ್ ದ ಟೆಂಪಲ್’ ಅನ್ನು.

ಹೆಸರೇನೋ ಮಂದಿರ. ಆಕಾರ ಮಾತ್ರ ಗೋರಿಯದು! ಕ್ರಿ.ಪೂ. 4ನೇ ಶತಮಾನದಲ್ಲಿ ಈಗಿನ ಟರ್ಕಿಯ ಹ್ಯಾಲಿಕಾರ್ನಾಸಸ್‌ನಲ್ಲಿ ಮಾಸೋಲಸ್ ಎಂಬ ದೊರೆಗೆ ಭಾರೀ ಸಮಾಧಿ ಕಟ್ಟಿದ್ದರು. ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ಭೂಕಂಪಕ್ಕೆ ಅದು ಉರುಳಿತು, ಕಲ್ಲುಗಳನ್ನು ಒಯ್ದು ಪಕ್ಕದಲ್ಲೇ ಕೋಟೆ ಕಟ್ಟಿಕೊಂಡರು. ಹಾಗಾಗಿ ವಾಸ್ತುಶಿಲ್ಪಿ ಜಾನ್ ರಸೆಲ್ ಪೋಪ್ ಅವರಿಗೆ ಆಧಾರವಾಗಿ ಸಿಕ್ಕಿದ್ದು ಹಳೆಯ ವರ್ಣನೆ, ಅಗೆದು ತೆಗೆದ ಚೂರುಗಳು ಮತ್ತು ವಿದ್ವಾಂಸರ ಊಹೆ ಅಷ್ಟೇ. 1911ರಲ್ಲಿ ಕೆಲಸ ಶುರುವಾದಾಗ ಅವರಿಗೆ 37 ವರ್ಷ. ಜೆಫರ್ಸನ್ ಸ್ಮಾರಕದ ವಿನ್ಯಾಸ ಮಾಡಿದ್ದೂ ಇವರೇ, ಆದರೆ ಅದು ಬಹಳ ಆಮೇಲಿನ ಮಾತು.

ಮೂಲ ಸಮಾಧಿಗೆ 36 ಕಂಬಗಳಿದ್ದವು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಇಲ್ಲಿ 33. ಒಂದೊಂದರ ಎತ್ತರವೂ 33 ಅಡಿ. ಸುಮ್ನೆ ಕಳೆದದ್ದಲ್ಲ. ಈ ಕಟ್ಟಡದ ಒಡೆಯರಾದ, ಫ್ರೀಮೇಸನ್ನರದೇ ಒಂದು ಶಾಖೆಯಾದ ಸ್ಕಾಟಿಷ್ ರೈಟ್ ಪಂಥದಲ್ಲಿ ಸದಸ್ಯರು ಏರುವ ಕೊನೆಯ ಪದವಿ 33ನೆಯದು. ಮುಂಭಾಗದ ಮೆಟ್ಟಿಲುಗಳಲ್ಲೂ ಇದೇ ಲೆಕ್ಕದ ಆಟ: ಮೂರು, ಐದು, ಏಳು, ಒಂಬತ್ತರ ಗುಂಪು. ಮೇಸನ್ ಅಂದರೆ ಕಲ್ಲುಕುಟಿಗ; ಕಲ್ಲುಕುಟಿಗರ ಹೆಸರು ಇಟ್ಟುಕೊಂಡ ಸಂಘ ಅಲ್ವಾ, ಹೇಳಬೇಕಾದ್ದನ್ನು ಕಲ್ಲಿನಲ್ಲೇ ಹೇಳಿಸಿತು. ನನಗಂತೂ ಇದು ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಆದರೆ ಆ ಲೆಕ್ಕ ಗೊತ್ತಿಲ್ಲದೆ ನೋಡಿದರೂ ಕಟ್ಟಡದ ಗಾಂಭೀರ್ಯ ಕಮ್ಮಿಯಾಗುವುದಿಲ್ಲ.

1915ರ ಅಕ್ಟೋಬರ್ 18ರಂದು ಉದ್ಘಾಟನೆ ಆಯಿತು. ಆಗ ಅದು ಗೋರಿಯ ವೇಷ ತೊಟ್ಟ ಕಚೇರಿ, ಗ್ರಂಥಾಲಯ, ಸಭಾಂಗಣ. ಈ ಪಂಥದ ಆಚರಣೆಗಳನ್ನು ತಿದ್ದಿ ಬರೆದ ಆಲ್ಬರ್ಟ್ ಪೈಕ್ 1891ರಲ್ಲೇ ತೀರಿಕೊಂಡಿದ್ದರು, ಬೇರೆಡೆ ಹೂಳಲಾಗಿತ್ತು. 1944ರಲ್ಲಿ ಅವರ ಅವಶೇಷಗಳನ್ನು ತಂದು ಇಲ್ಲಿನ ಗೋಡೆಯೊಳಗೆ ಇಟ್ಟರು.