ಬೇರೆ ಡಬ್ಬ ಯಾಕೆ, ಟಿವಿ ಒಳಗೇ ಇರ್ಲಿ

ಟಿವಿಯಲ್ಲಿ ಮಾತಿನ ಜೊತೆ ಓಡೋ ಕ್ಯಾಪ್ಷನ್ನು, ಫೋನಲ್ಲಿ ಸ್ಕ್ರೀನ್ ಓದಿ ಹೇಳೋ ದನಿ, ಎರಡೂ ಈಗ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿದ್ರೆ ಸಾಕು. ಕಂಪನಿಯೋರೇ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಹಾಗೇನಿಲ್ಲ, ಟೆಕ್ನಾಲಜಿ ಯಾವತ್ತೋ ಇತ್ತು, ಅದು ಎಲ್ಲರ ಡಿವೈಸ್ ಒಳಗೆ ಬರೋಕೆ ಮಾತ್ರ ಜಗಳ ಆಡ್ಬೇಕಾಯ್ತು.

ಅಮೆರಿಕದಲ್ಲಿ ಕ್ಲೋಸ್ಡ್ ಕ್ಯಾಪ್ಷನ್ ಶುರುವಾಗಿದ್ದು 1980ರ ಮಾರ್ಚ್‌ನಲ್ಲಿ. ಟಿವಿ ಸಿಗ್ನಲ್‌ನ 21ನೇ ಲೈನಲ್ಲಿ, ಅಂದ್ರೆ ಪರದೆ ಮೇಲೆ ಕಾಣದ ಜಾಗದಲ್ಲಿ ಅಕ್ಷರ ಅಡಗಿಸಿ ಕಳಿಸ್ತಿದ್ರು, ಅದನ್ನ ಬಿಡಿಸಿ ತೋರ್ಸೋಕೆ ಡಿಕೋಡರ್ ಅಂತ ಬೇರೆ ಡಬ್ಬ ಬೇಕಿತ್ತು, ಬೆಲೆ 250 ಡಾಲರ್‌ಗೂ ಮೇಲೆ, ಹಾಗಾಗಿ ಅಂದ್ಕೊಂಡಷ್ಟು ಮಾರಾಟನೇ ಆಗ್ಲಿಲ್ಲ. ನೋಡೋರು ಕಮ್ಮಿ ಅಂತ ಕ್ಯಾಪ್ಷನ್ ಕಮ್ಮಿ, ಕ್ಯಾಪ್ಷನ್ ಕಮ್ಮಿ ಅಂತ ಡಬ್ಬ ತಗೊಳೋರೂ ಕಮ್ಮಿ! ಕಿವುಡರ ಸಂಘಟನೆಗಳು ಬಿಡ್ಲಿಲ್ಲ, 1990ರಲ್ಲಿ ಕಾನೂನೇ ಬಂತು: 1993ರ ಜುಲೈಯಿಂದ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿವಿಗಳಲ್ಲಿ ಡಿಕೋಡರ್ ಚಿಪ್ ಒಳಗೇ ಇರ್ಬೇಕು ಅಂತ. ಆಮೇಲೆ ಜಿಮ್ಮು, ಏರ್‌ಪೋರ್ಟು, ಎಲ್ಲಿ ಗಲಾಟೆ ಇದ್ಯೋ ಅಲ್ಲೆಲ್ಲ ಕಿವಿ ಕೇಳೋರೂ ಅದನ್ನೇ ಓದ್ತಾ ಕೂತ್ರು ಅನ್ನಿ.

ಕಣ್ಣು ಕಾಣದವರ ಕಥೆನೂ ಹೆಚ್ಚುಕಮ್ಮಿ ಇದೇ ದಾರಿ. ಪ್ರಿಂಟಾದ ಪುಸ್ತಕ ಗಟ್ಟಿಯಾಗಿ ಓದೋ ಮಷಿನ್ನನ್ನ ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ 1976ರಲ್ಲೇ ತೋರಿಸಿದ್ರು, ಆದ್ರೆ ಬೆಲೆ ಹತ್ತಾರು ಸಾವಿರ ಡಾಲರ್. 1989ರಲ್ಲಿ ಟೆಡ್ ಹೆಂಟರ್ ಅವರ ಜಾಸ್ ಬಂತು, ಕಂಪ್ಯೂಟರ್ ಸ್ಕ್ರೀನ್ ಓದಿ ಹೇಳೋ ಸಾಫ್ಟ್‌ವೇರ್ (ಸ್ಕ್ರೀನ್ ರೀಡರ್) ಅದು, ಹೆಂಟರ್ ಅವರೇ ಆಕ್ಸಿಡೆಂಟಲ್ಲಿ ದೃಷ್ಟಿ ಕಳ್ಕೊಂಡವರು. ಸಾಫ್ಟ್‌ವೇರ್ ಚೆನ್ನಾಗಿತ್ತು, ದುಬಾರಿ ಅಷ್ಟೇ. ಕಣ್ಣು ಕಾಣೋರಿಗೆ ಕಂಪ್ಯೂಟರ್ ಒಂದರ ದುಡ್ಡಾದ್ರೆ ಇವರಿಗೆ ಅದರ ಮೇಲೆ ಇನ್ನೊಂದು ಬಿಲ್ಲು, ಇದ್ಯಾವ ನ್ಯಾಯ? 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್, ಅವರಿಗೂ ಕಣ್ಣು ಕಾಣಲ್ಲ, ಎನ್‌ವಿಡಿಎ ಅನ್ನೋ ಇಂಥದ್ದೇ ಸಾಫ್ಟ್‌ವೇರ್ ಬರೆದು ಫ್ರೀಯಾಗೇ ಕೊಟ್ಬಿಟ್ರು.

2007ರ ಐಫೋನ್‌ನಲ್ಲಿ ಮುಟ್ಟಿ ಗುರುತು ಹಿಡಿಯೋಕೆ ಕೀಪ್ಯಾಡೇ ಇರ್ಲಿಲ್ಲ, ಬರೀ ನುಣ್ಣನೆ ಗಾಜು. ಅಂಧರ ಸಂಘಟನೆಗಳು ಆಪಲ್ ಕಂಪನಿಯ ಬೆನ್ನು ಬಿದ್ದಿದ್ವು, 2008ರಲ್ಲಿ ತನ್ನ ಹಾಡಿನ ಆ್ಯಪ್ ಐಟ್ಯೂನ್ಸನ್ನ ಕಣ್ಣು ಕಾಣದವರೂ ಬಳಸೋ ಹಾಗೆ ಸರಿಮಾಡ್ತೀವಿ ಅಂತ ಆಪಲ್ ಒಪ್ಪಂದ ಮಾಡ್ಕೊಳ್ತು, 2009ರ ಐಫೋನ್ 3ಜಿಎಸ್‌ನಲ್ಲಿ ಸ್ಕ್ರೀನ್ ಓದಿ ಹೇಳೋ ವಾಯ್ಸ್‌ಓವರ್ ಫೋನ್ ಜೊತೆಗೇ ಬಂತು, ಎಕ್ಸ್‌ಟ್ರಾ ದುಡ್ಡಿಲ್ಲ.

ಇಷ್ಟಾದ್ರೂ ಆ್ಯಪ್ ಮಾಡೋ ಡೆವಲಪರ್ ಪ್ರತಿ ಬಟನ್‌ಗೂ ಅದೇನು ಅಂತ ಹೇಳೋ ಲೇಬಲ್ ಹಾಕ್ದೇ ಇದ್ರೆ ಸ್ಕ್ರೀನ್ ರೀಡರ್ ಏನು ತಾನೇ ಓದುತ್ತೆ, "ಬಟನ್, ಬಟನ್" ಅಂತಷ್ಟೇ. ಚಿತ್ರಕ್ಕೆ ವಿವರಣೆ ಬರೀರಿ ಅಂತ ವೆಬ್‌ನ ಅಂತಾರಾಷ್ಟ್ರೀಯ ಗೈಡ್‌ಲೈನ್ 1999ರಲ್ಲೇ ಹೇಳಿದೆ. ಒಂದು ಸಾಲು ಬರೆಯೋಕೆ ಅರ್ಧ ನಿಮಿಷನೂ ಬೇಡ, ಆದ್ರೂ ಅಪ್‌ಡೇಟ್ ಬಂದಾಗೆಲ್ಲ ಮೊದಲು ಕೆಡೋದು ಅದೇ.